ಆಯುಧಪೂಜೆ ದಿನ ಪಾತಾಳಕ್ ಇಳ್ದ ಗ್ರಾಫು

ಇದನ್ನ ನೀವು ನಂಬಕಿಲ್ಲ. ನಾನು ಹೇಳೋದ್ರಲ್ಲಿ ಅರ್ಧ ಸುಳ್ಳು ಅಂತ ನಮ್ಮವ್ವನೇ ಬೀದಿಗೆಲ್ಲಾ ಸಾರ್ಕೊಂಡು ಬಂದವ್ಳೆ. ಆದ್ರೆ ಇದು ಆ ಅರ್ಧ ಅಲ್ಲ, ಇನ್ನೊಂದರ್ಧ.

ಇವತ್ತು ಮಧ್ಯಾಹ್ನ ಕೀಬೋರ್ಡು ಕ್ಲೀನ್ ಮಾಡೋಣ ಅಂತ ತಲೆಕೆಳಗ್ ಮಾಡಿ ಬೆನ್ ಮೇಲೆ ನಾಕೇಟು ಬಿಟ್ಟೆ. ಒಳಗಿಂದ ಕೂದ್ಲು ಬಿತ್ತು, ಒಂದು ಇರುವೆ ಸಂಸಾರ ಅಜ್ಜಿ ಮೊಮ್ಮಕ್ಕಳ ಸಮೇತ ಬಿತ್ತು, ಒಣಗಿದ ಚೆಂಡುಹೂವಿನ ಎಸಳು ಬಿತ್ತು, ಕೊನೇಗೆ ಒಂದೇ ಒಂದು ಕಡ್ಲೆಪುರಿ ಬಿತ್ತು. ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ, ಬೆಳ್ಳಗೆ ಉಬ್ಬಿದಂಗೇ ಇತ್ತು. ಮೂಸಿ ನೋಡ್ದೆ. ಅರಗಿನ ವಾಸ್ನೆ... ನಮ್ಮ ಚನ್ನಪಟ್ಟಣದ ಮರದ ಗೊಂಬೆಗೆ ಬಣ್ಣ ಹಿಡಿಸ್ತಾರಲ್ಲ, ಆ ಅರಗು. ತಿನ್ನೋಣ ಅಂತ ಬಾಯಿವರ್ಗೂ ತಂದು ಬುಟ್ಬುಟ್ಟೆ. ತಿನ್ನೋ ಪದಾರ್ಥನ ನಾನು ತಿನ್ನದೆ ಬುಟ್ಟಿದ್ದು ಹುಟ್ಟಿದ ಮೇಲೆ ಇದೇ ಮೊದ್ಲು.

ಯಾಕಂದ್ರೆ ಈ ಕೀಬೋರ್ಡು ನಮ್ಗೆ ಕಂಪ್ಯೂಟರ್ ಕಲಿಸ್ತಿದ್ದ ಮಿಸ್ಸಿಂದು.

ನಾನಾಗ ಎಂಟನೇ ಕ್ಲಾಸು. ಈಗ ಸೆಕೆಂಡ್ ಪಿಯುಸಿ, ಮಹಾ ಬುದ್ಧಿವಂತೆ, ಅದು ಬೇರೆ ವಿಷ್ಯ. ಬಸ್‌ಸ್ಟ್ಯಾಂಡ್ ಎದುರ್ಗೆ ಒಂದು ಗೊಂಬೆ ಅಂಗಡಿ ಇತ್ತು. ಅದ್ರ ಮೇಲೆ ಕಂಪ್ಯೂಟರ್ ಇನ್‌ಸ್ಟಿಟ್ಯೂಟು, ಹಿಂದುಗಡೆ ಶೀಟಿನ ಶೆಡ್ಡು. ಶೆಡ್ಡಲ್ಲಿ ಮಿಸ್ಸಿನ ಅಪ್ಪ ಲೇತು ತಿರುಗಿಸಿ ಗೊಂಬೆ ಮಾಡ್ತಿದ್ರು, ಮೇಲೆ ಮಿಸ್ಸು ನಮ್ಗೆ ಟೈಪಿಂಗ್ ಕಲಿಸ್ತಿದ್ರು. ಅಪ್ಪ ಅರಗು ಕಾಯ್ಸಿದ್ರೆ ಮೇಲೆ ಇಡೀ ಇನ್‌ಸ್ಟಿಟ್ಯೂಟೇ ಗಿಲಕಿ ವಾಸ್ನೆ ಹೊಡೆಯೋದು. ಆ ಬೀದೀಲಿ ಒಂದ್ ಕಾಲಕ್ಕೆ ಮನೆಗೊಂದು ಲೇತ್ ಇತ್ತಂತೆ. ಹುಡುಗ್ರೆಲ್ಲಾ ಬಿಡದಿ ಕಾರ್ ಫ್ಯಾಕ್ಟ್ರಿ ಬಸ್ ಹತ್ತಿದ್ ಮೇಲೆ ಉಳಿದಿದ್ದು ಇವರದೊಂದೇ.

ಮಿಸ್ಸಿನ ಅಪ್ಪನ ಬಲಗೈಲಿ ಎರಡು ಬೆರಳು ಇರ್ಲಿಲ್ಲ. ರಾಮನಗರದ ಬೆಟ್ಟದಲ್ಲಿ ಚಿರತೆ ತಿಂದ್ಬುಡ್ತು, ಉಳಿದ ಮೂರು ಬೆರಳಲ್ಲೇ ಅದ್ರ ಮೀಸೆ ಕಿತ್ಕೊಂಡು ಬಂದ್ರು ಅಂತ ನಾನು ಕ್ಲಾಸಲ್ಲಿ ಹೇಳಿದ್ದೆ. ಎಲ್ರೂ ನಂಬಿದ್ರು. ನಿಜ ನಂಗೂ ಗೊತ್ತಿರ್ಲಿಲ್ಲ.

ಮಿಸ್ಸು ಬಿಎಸ್ಸೀನ ಎರಡನೇ ವರ್ಷಕ್ಕೇ ಬುಟ್ಟಿದ್ರು. ಯಾಕೆ ಮಿಸ್ ಅಂದ್ರೆ, "ಬಾಯ್ಬಡುಕಿ, ಕಣ್ಣು ಸ್ಕ್ರೀನ್ ಮೇಲಿಡು," ಅನ್ನೋರು. ಹಗಲೆಲ್ಲಾ ಮದ್ವೆ ಕಾರ್ಡು, ಬಯೋಡಾಟಾ, ಗ್ರಾಮ ಪಂಚಾಯ್ತಿ ಅರ್ಜಿ ಟೈಪ್ ಮಾಡೋರು. ನಮ್ ಕ್ಲಾಸು ಮುಗಿದ್ ಮೇಲೆ ಮಾತ್ರ ಮಾಡೆಮ್ಮು ಹಾಕೋರು. ಅದು ಕರು ಹಾಕೋ ಎಮ್ಮೆ ಥರ ಕೂಗ್ಕೊಂಡು ಇಂಟರ್ನೆಟ್ಟಿಗೆ ಕನೆಕ್ಟ್ ಆಗೋದು. ಶನಿಗ್ರಹದ ಫೋಟೋ ಒಂದ್ಸಲ ಇಳಿಸಿದ್ವಿ. ಮೇಲಿಂದ ಒಂದೊಂದೇ ಗೆರೆ ಇಳಿದು ಉಂಗುರ ಕಾಣೋ ಹೊತ್ಗೆ ನಮ್ಗೆಲ್ಲಾ ಸಾಡೇಸಾತಿನೇ ಮುಗ್ದಿತ್ತು.

ಆ ಇಂಟರ್ನೆಟ್ಟಲ್ಲಿ ಒಂದು ವಿಜ್ಞಾನದ ಬಳಗ ಇತ್ತು. ಲೋಕದ್ ಜನ ಬಂದು ಪ್ರಶ್ನೆ ಕೇಳೋರು, ಗೊತ್ತಿದ್ದೋರು ಉತ್ತರ ಬರೆಯೋರು. ಎಲ್ಲಾ ಇಂಗ್ಲಿಷು. ಅದ್ರೊಳಗೆ ಒಂದು ಮೂಲೇಲಿ ಕನ್ನಡ ರೂಮು, ನಮ್ಮ ಬಸ್‌ಸ್ಟ್ಯಾಂಡಿನ ಟಾಯ್ಲೆಟ್ ಪಕ್ಕದ ಹೂವಿನಂಗಡಿ ಥರ. ಆ ರೂಮಿನ ಮಾಡರೇಟರ್ರು ನಮ್ ಮಿಸ್ಸು. ಬರೋರು ಯಾರು ಅಂತೀರಾ, ಬಿಡದಿ ಫ್ಯಾಕ್ಟ್ರಿ ಆಫೀಸಿನೋರು, ಮಾಗಡಿ ಕಡೆ ಕಾಲೇಜಿನೋರು, ಸಾತನೂರಿನ ಒಬ್ಬ ಹೈಸ್ಕೂಲ್ ಮೇಷ್ಟ್ರು. ಆ ಮೇಷ್ಟ್ರು ದಿನಾ ಬರೋರು, ಹಸು ಯಾಕೆ ಮೆಲುಕು ಹಾಕ್ತದೆ ಅನ್ನೋದ್ರಿಂದ ಹಿಡ್ದು ನಕ್ಷತ್ರ ಸಾಯೋವರ್ಗೂ ಕೇಳೋರು. "ಮೇಡಂ, ದಯವಿಟ್ಟು ತಿಳಿಸಿ" ಅಂತ. ಊರಲ್ಲಿ ಮಿಸ್ಸಿನ ಹತ್ರ ಜನ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, "ಇನ್ನೂ ಮದ್ವೆ ಆಗ್ಲಿಲ್ವೇನವ್ವ?" ಆ ರೂಮಲ್ಲಿ ಮಾತ್ರ ಬೇರೆ ಪ್ರಶ್ನೆ ಬರೋವು.

ಸೈಟಿಗೆ ದಿನಾ ಎಷ್ಟು ಜನ ಬಂದ್ರು ಅಂತ ಒಂದು ಗ್ರಾಫು ತೋರ್ಸೋರು. ನಮ್ಮಜ್ಜಿ ಪಂಚಾಂಗ ನೋಡ್ದಂಗೆ ಮಿಸ್ಸು ಅದನ್ನ ನೋಡೋರು. ಕ್ರಿಸ್ಮಸ್ ವಾರದಲ್ಲಿ ಇಡೀ ಸೈಟಿನ ಗೆರೆ ಬಾವಿಗ್ ಬಿದ್ದಂಗೆ ಬೀಳೋದು, ನಮ್ ರೂಮು ಮಾತ್ರ ತಲೆ ಎತ್ಕೊಂಡು ನಿಂತಿರೋದು. "ನೋಡೇ, ಅವ್ರೆಲ್ಲಾ ಕೇಕ್ ತಿನ್ನಕ್ ಹೋಗವ್ರೆ. ಈಗ ವಿಜ್ಞಾನಾನ ಕಾವಲು ಕಾಯ್ತಿರೋರು ನಾವೇ," ಅಂತ ಮಿಸ್ಸು ಕಾಲರ್ ಇಲ್ದಿದ್ರೂ ಕಾಲರ್ ಎತ್ಕೊಳೋರು. ಯುಗಾದಿ ದಿನ ನಮ್ದು ಒಸಿ ಇಳಿಯೋದು, ಮಾರನೇ ದಿನ ಹೊಸತೊಡಕಿಗೆ ಇನ್ನೂ ಕೆಳಕ್ಕೆ. ಆಫೀಸ್ ತೆಗೆದಿದ್ರೂ ಜನ ಬಾಡೂಟಕ್ಕೆ ಅಂತ ರಜಾ ಹಾಕಿರೋರು. ಕೈಯಲ್ಲಿ ಮೂಳೆ ಇರೋವಾಗ ಬ್ಲಾಕ್ ಹೋಲ್ ಯಾವನಿಗೆ ಬೇಕು.

ಆದ್ರೆ ಆಯುಧಪೂಜೆ ದಿನದ್ದು ಇಳಿಯೋದಲ್ಲ, ಸೊನ್ನೆ. ಬೋರ್‌ವೆಲ್ ಕೊರೆದಂಗೆ ನೆಟ್ಟಗೆ ತಳಕ್ಕೆ. ಆಗ ಯಾರ್ ಮನೇಲೂ ಕಂಪ್ಯೂಟರ್ ಇರ್ಲಿಲ್ಲ ನೋಡಿ. ಎಲ್ರೂ ಆಫೀಸು, ಸ್ಕೂಲು, ಬ್ರೌಸಿಂಗ್ ಸೆಂಟರಿಂದ ಬರೋರು. ಆವತ್ತು ಅಲ್ಲೆಲ್ಲಾ ಮಾನಿಟರ್‌ಗೆ ವಿಭೂತಿ, ಸಿಪಿಯುಗೆ ಹಾರ, ಮೌಸಿಗೂ ಕುಂಕುಮ. ಗಾಡಿ ಬುಟ್ರೆ ಪೂಜೆ ಆದ್ ಮಿಷನ್ನ ಆವತ್ತು ಯಾರೂ ಮುಟ್ಟಂಗಿಲ್ಲ.

ಆ ವರ್ಷ ದಸರಾಕ್ಕೆ ಮುಂಚೆ ಸೈಟಿನ ದೊಡ್ಡೋರಿಂದ ಮಿಸ್ಸಿಗೆ ಮೆಸೇಜ್ ಬಂತು. ಚಿಕ್ಕ ಚಿಕ್ಕ ರೂಮೆಲ್ಲಾ ಮುಚ್ತಾವ್ರಂತೆ. ನಿಮ್ ರೂಮು ಉಳೀಬೇಕು ಅಂದ್ರೆ ಈ ತಿಂಗಳು ಒಂದ್ ದಿನಾನೂ ಖಾಲಿ ಇರ್ಬಾರ್ದು, ದಿನಕ್ಕೆ ಒಂದು ಪ್ರಶ್ನೆ, ಅದಕ್ಕೆ ಬೇರೆಯೋರಿಂದ ಒಂದು ಉತ್ತರ, ಅಷ್ಟು ಸಾಕು ಅಂತ. ಮಿಸ್ಸು ಕ್ಯಾಲೆಂಡರ್ ನೋಡಿದ್ರು. ಆಯುಧಪೂಜೆ ಅದೇ ತಿಂಗ್ಳಲ್ಲಿತ್ತು.

ಆಯುಧಪೂಜೆ ಅಂದ್ರೆ ಏನು ಅಂತ ಅವ್ರಿಗೆ ಉದ್ದಕ್ಕೆ ಇಂಗ್ಲಿಷಲ್ಲಿ ಬರೆದ್ರು. ಉತ್ತರ ಬಂತು. ಓದಿ ಮಿಸ್ಸು ನಕ್ರು, ಅಳೋ ಥರ.

"ಏನಂತೆ ಮಿಸ್?"

"ಹಬ್ಬಕ್ಕೆ ಜನ ರಜಾ ತಗೊಳೋದು ಅರ್ಥ ಆಯ್ತದಂತೆ ಕಣೇ. ಮಿಷನ್‌ಗೆ ಯಾಕೆ ರಜಾ ಅಂತ ಕೇಳ್ತಾವ್ರೆ."

ನಾನು ತಕ್ಷಣ ಪ್ಲಾನ್ ಕೊಟ್ಟೆ. ನಾನೇ ಹತ್ತು ಹೆಸರಲ್ಲಿ ಬತ್ತೀನಿ, ದೊಡ್ಡಮಳೂರು ವಿಜ್ಞಾನಿ, ಕನಕಪುರದ ಡಾಕ್ಟ್ರು, ಬಿಡದಿ ರಾಕೆಟ್ಟು. ಪ್ರಶ್ನೆ ಉತ್ತರ ಎರಡೂ ನಂದೇ, ಬೇಕಾದ್ರೆ ನಾವು ನಾವೇ ಜಗಳಾನೂ ಆಡ್ತೀವಿ ಅಂದೆ.

"ಥೂ, ಅದು ನನ್ ರೂಮು. ನಿನ್ ನಾಟಕ ಕಂಪ್ನಿ ಅಲ್ಲ," ಅಂದ್ರು ಮಿಸ್ಸು. ಎಲ್ಲಾ ಮೆಂಬರ್‌ಗಳಿಗೂ ಬರೆದ್ರು, ಆವತ್ತು ಎಲ್ಲಾದ್ರೂ ಸಾಧ್ಯ ಆದ್ರೆ ಒಂದೇ ಒಂದು ಪ್ರಶ್ನೆ ಕೇಳಿ, ಉತ್ರ ನಾನು ಬರೀತೀನಿ ಅಂತ.

ಪೂಜೆ ಬೆಳಿಗ್ಗೆಯೇ ಆಯ್ತು. ಇನ್‌ಸ್ಟಿಟ್ಯೂಟ್ ಓನರ್ರು ಬಂದು ಮೆಟ್ಲ ಮೇಲೆ ಬೂದುಗುಂಬಳಕಾಯಿ ಹೊಡೆದು, ಎಲ್ರಿಗೂ ಕಡ್ಲೆಪುರಿ ಪೊಟ್ಣ ಕೊಟ್ಟು ಹೋದ್ರು. ಬೀಗದ ಕೈ ಮಿಸ್ಸಿನ ಹತ್ರ ಇತ್ತು. ಮಧ್ಯಾಹ್ನ ಊಟದ ಹೊತ್ಗೆ ನಾವಿಬ್ರೂ ವಾಪಸ್ ಮೇಲಕ್ ಹೋದೋ. ಒಳಗೆ ಕಂಪ್ಯೂಟರ್‌ಗಳು ಮದುವಣಗಿತ್ತೀರ ಥರ ಹಾರ ಹಾಕ್ಕೊಂಡು ಸಾಲಾಗಿ ಕೂತಿದ್ವು. ಮಿಸ್ಸು ದೇವ್ರಿಗೆ ಮುಗಿಯೋದಕ್ಕಿಂತ ಜಾಸ್ತಿ ಹೊತ್ತು ಒಂದು ಸಿಪಿಯುಗೆ ಕೈ ಮುಗಿದ್ರು. ಆಮೇಲೆ ಕೀಬೋರ್ಡ್ ಮೇಲಿದ್ದ ಹೂವ ಎತ್ತಿ ಮಡಿಲಲ್ಲಿ ಇಟ್ಕೊಂಡು ಸ್ವಿಚ್ ಒತ್ತಿದ್ರು.

ರೂಮು ಖಾಲಿ. ರಿಫ್ರೆಶ್ ಮಾಡಿದ್ರು, ಖಾಲಿ. ನಾನು ಪಕ್ಕದಲ್ಲಿ ಕಡ್ಲೆಪುರಿ ಮುಕ್ತಾ ಇದ್ದೆ, ಪೊಟ್ಣ ಮುಗೀತು, ಮಿಸ್ಸಿನ ಪೊಟ್ಣಾನೂ ತೆಗೆದೆ. ಇನ್ನೂ ಖಾಲಿ. ಬೀದೀಲಿ ಹಾರ ಹಾಕಿದ ಆಟೋಗಳು ಪೀಪಿ ಊದ್ಕೊಂಡು ಹೋಗ್ತಿದ್ವು. ಯಾರೂ ಬರಕಿಲ್ಲ ಬುಡಿ ಮಿಸ್ ಅಂತ ಹೇಳಕ್ ಬಾಯ್ ತೆಗೆದೆ, ಪೇಜು ಅಲ್ಲಾಡ್ತು.

ಸಾತನೂರು ಮೇಷ್ಟ್ರು! "ಮೇಡಂ, ಹೆಡ್‌ಮಾಸ್ಟರ್ ರೂಮಿಗೆ ಕದ್ದು ಬಂದಿದ್ದೀನಿ. ಹೂ ತೆಗೆಯಕ್ಕೆ ಧೈರ್ಯ ಸಾಲ್ದು, ಹೂವಿನ ಸಂದೀಲೇ ಬೆರಳಾಡಿಸ್ತಾ ಇದ್ದೀನಿ. ಪ್ರಶ್ನೆ: ಪೂಜೆ ಕಡ್ಲೆಪುರಿ ತಿಂತಾ ಹೊಳೀತು. ಇಷ್ಟೇ ಇಷ್ಟು ಅಕ್ಕಿ, ಅಷ್ಟು ಹೆಂಗೆ ಉಬ್ತದೆ? ದಯವಿಟ್ಟು ತಿಳಿಸಿ."

ಮಿಸ್ಸು ಕುರ್ಚೀಲಿ ಕೂತಲ್ಲೇ ಒಂದು ಸಲ ಕುಣಿದ್ರು. ಅಷ್ಟು ಜೋರಾಗಿ ನಕ್ಕಿದ್ದು ನಾನು ಅದೇ ಮೊದ್ಲು ನೋಡಿದ್ದು. "ಬಂದೇ ಬಂದ್ರು ನೋಡೇ! ಬಂದ್ರು!" ಅಂತ ನನ್ ಬೆನ್ನಿಗೆ ಗುದ್ದಿದ್ರು, ನನ್ ಕೈಲಿದ್ದ ಕಡ್ಲೆಪುರಿಯೆಲ್ಲಾ ಕೀಬೋರ್ಡ್ ಮೇಲೆ ಚೆಲ್ಲಾಡೋಯ್ತು. ಅದನ್ನ ಊದಿ, ಒರೆಸಿ, ಟೈಪ್ ಮಾಡಕ್ ಕೂತ್ರು. ಆಗ ಕನ್ನಡ ಟೈಪ್ ಮಾಡೋದು ಅಂದ್ರೆ ಒಂದು ಒತ್ತಕ್ಷರಕ್ಕೆ ಮೂರು ಕೀಲಿ. ಮೊದಲ್ನೇ ಸಾಲು ಮುಗೀತು. ಎರಡನೇ ಸಾಲು ಅರ್ಧ ಆಗಿತ್ತು.

ಬಾಗ್ಲಲ್ಲಿ ಮಿಸ್ಸಿನ ಅಪ್ಪ ನಿಂತಿದ್ರು. ಮಗಳು ಊಟಕ್ಕೆ ಬರ್ಲಿಲ್ಲ ಅಂತ ಕರಿಯಕ್ ಬಂದಿದ್ದು.

ಬೈಯ್ತಾರೆ ಅನ್ಕೊಂಡೆ. ಬೈಲಿಲ್ಲ. ಉರೀತಿರೋ ಸ್ಕ್ರೀನ್ ನೋಡಿದ್ರು, ಮಗಳ ಮಡಿಲಲ್ಲಿದ್ದ ಹೂವ ನೋಡಿದ್ರು. ಸೀದಾ ಗೋಡೆ ಹತ್ರ ಹೋಗಿ, ಆ ಮೂರು ಬೆರಳಲ್ಲೇ ಮೇನ್ ಸ್ವಿಚ್ ಇಳಿಸ್ಬುಟ್ರು. ಸ್ಕ್ರೀನು ಚಿಕ್ಕ ಚುಕ್ಕಿ ಆಗಿ ಆರೋಯ್ತು.

"ಅಪ್ಪಾ, ಇನ್ನೊಂದೇ ಸಾಲು ಇತ್ತು..."

"ನಂಗೂ ಇನ್ನೊಂದೇ ಗೊಂಬೆ ಇತ್ತು ಕಣವ್ವ," ಅಂದ್ರು. "ಆರ್ಡರ್ ಐತೆ ಅಂತ ಒಂದ್ ವರ್ಷ ಇದೇ ದಿನ ಲೇತ್ ಮುಟ್ಟಿದ್ದೆ." ಕೈ ಎತ್ತಿ ತೋರ್ಸಿದ್ರು, ಬೆರಳು ಇಲ್ದಿರೋ ಕಡೆ.

ಅಷ್ಟೇ ಹೇಳಿ ಕೆಳಗೆ ಇಳಿದೋದ್ರು. ನನ್ ಚಿರತೆ ಅಲ್ಲೇ ಸತ್ತೋಯ್ತು.

ನಾನು ಸುಮ್ನಿರೋ ಜಾತಿ ಅಲ್ವಲ್ಲ. ಮೇನ್ ಸ್ವಿಚ್ ಕೈಗೆಟುಕೋ ಹಂಗೇ ಇತ್ತು. "ಮಿಸ್, ಸೈಟಿನೋರ ದೇಶದಲ್ಲಿ ಈಗಿನ್ನ ಬೆಳಕಾಗ್ತಾ ಐತೆ. ಟೈಮ್ ಐತೆ, ಹಾಕ್ಲಾ?" ಅಂದೆ. ಮಿಸ್ಸು ಸ್ವಿಚ್ ಕಡೆ ಒಂದ್ಸಲ ನೋಡಿದ್ರು. ಕೆಳಗೆ ಶೆಡ್ಡಿನ ಬಾಗ್ಲು ಎಳೆಯೋ ಶಬ್ದ ಬಂತು. ಮಡಿಲಿಂದ ಹೂವ ತೆಗೆದು ಕೀಬೋರ್ಡ್ ಮೇಲೆ, ಮೊದ್ಲು ಎಲ್ಲಿತ್ತೋ ಅಲ್ಲೇ, ಇಟ್ರು.

"ನಡಿ, ಊಟಕ್ಕೆ," ಅಂದ್ರು.

ಆಮೇಲೆ ಏನೂ ದೊಡ್ಡ ಕತೆ ಇಲ್ಲ. ರೂಮು ಮುಚ್ಚಿದ್ರು, ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ. ಮಿಸ್ಸು ಮದ್ವೆ ಕಾರ್ಡು ಟೈಪ್ ಮಾಡ್ತಾನೇ ಇದ್ರು, ಮಾಡೆಮ್ಮು ಮಾತ್ರ ಕೂಗೋದು ನಿಂತೋಯ್ತು. ಒಂದೆರಡು ವರ್ಷಕ್ಕೆ ಅವರಪ್ಪ ಲೇತ್ ಮಾರಿದ್ರು. ಇಬ್ರೂ ಬಿಡದಿ ಹತ್ರ ಎಲ್ಲೋ ಬಾಡಿಗೆಗೆ ಹೋದ್ರು, ಮಿಸ್ಸಿಗೆ ಫ್ಯಾಕ್ಟ್ರಿ ಸ್ಟೋರಲ್ಲಿ ಕೆಲ್ಸ ಅಂತೆ. ತಟ್ಟೆ ಇಡ್ಲಿ ತಿನ್ನಕ್ ಆ ಕಡೆ ಹೋದಾಗೆಲ್ಲಾ ಕಂಪ್ನಿ ಬಸ್ಸಿನ ಕಿಟಕಿ ನೋಡ್ತೀನಿ. ಸಿಕ್ಕಿಲ್ಲ... ಇನ್‌ಸ್ಟಿಟ್ಯೂಟ್ ಈಗ ಮೊಬೈಲ್ ಅಂಗಡಿ. ಮುಚ್ಚೋವಾಗ ನಮ್ಮಪ್ಪ ಒಂದು ಕಂಪ್ಯೂಟರ್ ತಂದ್ರು, ಮಿಸ್ಸಿನ ಅದೇ ಕೀಬೋರ್ಡ್ ಸಮೇತ.

ಇವತ್ತು ಆಯುಧಪೂಜೆ, ಅದಕ್ಕೇ ಕ್ಲೀನಿಂಗು. ಕಡ್ಲೆಪುರೀನ ವಾಪಸ್ ಕೀಲಿ ಸಂದೀಲಿ ಹಾಕಿ, ಅದ್ರಲ್ಲೇ ಇದನ್ನೆಲ್ಲಾ ಟೈಪ್ ಮಾಡಕ್ ಕೂತೆ. ಆ ಪ್ರಶ್ನೆಗೆ ಉತ್ತರ ನಂಗೀಗ ಗೊತ್ತು ಕಣ್ರಿ. ಅಕ್ಕಿ ಒಳಗೆ ಒಸಿ ನೀರು ಅವಿತಿರ್ತದೆ. ಸುಡೋ ಮರಳಿಗೆ ಬಿದ್ದ ತಕ್ಷಣ ಅದು ಆವಿ ಆಯ್ತದೆ, ಹೊರಗ್ ಬರಕ್ಕೆ ದಾರಿ ಇರಕಿಲ್ಲ, ಅಕ್ಕೀನೇ ಉಬ್ಬುಸ್ಬುಡ್ತದೆ. ಮೇಷ್ಟ್ರೇ, ಲೇಟಾಯ್ತು. ಹಾಕೋಣ ಅಂದ್ರೆ ರೂಮಿಲ್ಲ. ಮಿಸ್ಸು ಇದ್ದಿದ್ರೆ ಇದನ್ನೇ ಇನ್ನೂ ಚೆನ್ನಾಗಿ...

ಅವ್ವ ಬಂದ್ಲು. ಒಂದ್ ಕೈಲಿ ಕುಂಕುಮದ ಬಟ್ಲು, ಇನ್ನೊಂದ್ರಲ್ಲಿ ಹೂವು.

"ಇನ್ನೂ ಟಪಟಪ ಅಂತ ಕುಟ್ತಾನೇ ಇದ್ದೀಯೇನೇ? ತಗಿ ಕೈಯ."

"ಅವ್ವ, ಇನ್ನೊಂದೇ ಸಾಲು..."

ಅಂದ್ಮೇಲೆ ಗೊತ್ತಾಯ್ತು, ಇದು ಮಿಸ್ಸಿನ ಮಾತು. ಕೈ ತೆಗೀತಾ ಇದ್ದೀನಿ.