ಒಂದೇ ಡಬ್ಬಿಯ ತೋಟಾ

ಎದುರಾಳಿ ತುಂಬ ಪ್ರೀತಿಸುವ ಮಾತಿಗೇ ಮೊದಲು ಕೈ ಹಾಕಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ, ಅಮೆರಿಕದ ಹರ್ನ್‌ಡನ್ನಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಂಕಲ್ ತುಂಬ ಪ್ರೀತಿಸುತ್ತಿದ್ದದ್ದು ತಮ್ಮ ರೈಫಲನ್ನು. ಮಂಗಳೂರು ಕಡೆಯವರು, ಬಹಳ ವರ್ಷಗಳಿಂದ ಇಲ್ಲೇ ಇಂಜಿನಿಯರ್. ಶನಿವಾರ ಶೂಟಿಂಗ್ ರೇಂಜ್, ಭಾನುವಾರ ಚರ್ಚ್, ಎರಡನ್ನೂ ತಪ್ಪಿಸುತ್ತಿರಲಿಲ್ಲ. ನನಗೋ ಆಗ ಕೂತಲ್ಲಿ ಕೂರಲಾಗದ ಕಾಲ. ಕೆಲಸದ ಕಾಂಟ್ರ್ಯಾಕ್ಟ್ ಇನ್ನೆಷ್ಟು ದಿನವೆಂದು ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ರೇಂಜಿಗೆ ನಾನೂ ಹೋಗುತ್ತಿದ್ದೆ. ಗುಂಡು ಹೊಡೆಯುವುದಕ್ಕಲ್ಲ, ವಾದಕ್ಕೆ.

ವಾದಕ್ಕೆ ಅಲ್ಲಿ ಬರವಿರಲಿಲ್ಲ. ಯಾವ ಕಂಪನಿಯೂ ತಯಾರಿಸದ ತೋಟಾವೇ ಅಲ್ಲಿ ಪ್ರತಿಯೊಬ್ಬನಿಗೂ ಅಚ್ಚುಮೆಚ್ಚು. ಒಬ್ಬ, ದೊಡ್ಡ ಹಿತ್ತಾಳೆ ತೋಟಾದ ಕತ್ತು ಹಿಸುಕಿ ಸಣ್ಣ ಗುಂಡು ಕೂರಿಸುತ್ತಿದ್ದ. ಅಂಥದ್ದಕ್ಕೆ ವೈಲ್ಡ್‌ಕ್ಯಾಟ್ ಎಂದು ಹೆಸರು. ಅಂಕಲ್‌ರ ಗೆಳೆಯ, ಕೆಲಸದಿಂದ ನಿವೃತ್ತನಾದ ಒಬ್ಬ ಅಮೆರಿಕನ್, 'ಇಂಪ್ರೂವ್ಡ್' ಪಂಗಡದವನು. ರೈಫಲಿನಲ್ಲಿ ತೋಟಾ ಕೂರುವ ಗೂಡನ್ನು ಸ್ವಲ್ಪ ಅಗಲಿಸಿ ಕೊರೆಸಿದ್ದ. ಒಳಗೆ ಹೆಚ್ಚು ಮದ್ದು ಹಿಡಿಯುತ್ತದೆ, ಗುಂಡಿನ ವೇಗ ಹೆಚ್ಚುತ್ತದೆ ಎಂಬುದು ಅವನ ನಂಬಿಕೆ. ಅಂಕಲ್‌ಗೂ ಅದೇ ಹುಚ್ಚು ಹಿಡಿದಿತ್ತು. ಸೋಮವಾರ ತಮ್ಮ ರೈಫಲನ್ನೂ ಹಾಗೆ ಕೊರೆಯಲು ಬಂದೂಕು ರಿಪೇರಿಯವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಅವನು ಅಂಗಡಿ ಮುಚ್ಚಿ ಊರು ಬಿಡುವವನಿದ್ದ. ಈ ಅವಕಾಶ ಹೋದರೆ ಅಂಕಲ್ ನಂಬುವ ಕೈ ಇನ್ನೊಂದಿರಲಿಲ್ಲ. ಕೊರೆದರೋ, ಹೋದ ಲೋಹ ಮತ್ತೆ ಬರುವುದಿಲ್ಲ.

"ಕಂಪನೀಲಿ ಅಷ್ಟು ಜನ ಕೂತು ಡಿಸೈನ್ ಮಾಡಿದ್ದಕ್ಕಿಂತ ನಿಮ್ ಫ್ರೆಂಡ್ ಗ್ಯಾರೇಜಲ್ಲಿ ಮಾಡಿದ್ದು ಬೆಟರ್ರಾ ಅಂಕಲ್? ಪ್ರೂಫ್ ಎಲ್ಲಿ?"

"ಎಂತ ಮಾರಾಯ್ತಿ, ನಿನ್ನ ಬಾಯಿಗೆ ಬ್ರೇಕ್ ಉಂಟಾ ಇಲ್ವಾ?"

"ಟೆಸ್ಟ್ ಮಾಡಿ ತೋರಿಸಿ, ಬ್ರೇಕ್ ಹಾಕ್ತೀನಿ."

ಆ ಶನಿವಾರ ಗೆಳೆಯ ಮಗಳನ್ನು ನೋಡಲು ಕ್ಯಾರೊಲೈನಾಕ್ಕೆ ಹೋಗಿದ್ದ. ತನ್ನ ಇಂಪ್ರೂವ್ಡ್ ರೈಫಲನ್ನು ಅಂಕಲ್ ಬಳಿ ಬಿಟ್ಟಿದ್ದ. ಗುಂಡಿನ ವೇಗ ಅಳೆಯುವ ಯಂತ್ರವನ್ನು ಮುಂದಿಟ್ಟೆವು. ನಿಯಮಗಳು ನನ್ನವು. ಆಸೆ ಇರುವವನ ಕಣ್ಣು ನಂಬಬಾರದು. ಆದ್ದರಿಂದ ತೋಟಾ ತುಂಬುವುದು ನಾನು, ಅಂಕೆ ಬರೆಯುವುದು ನಾನು, ಅಂಕಲ್ ಗುರಿ ಬಿಟ್ಟು ಬೇರೇನನ್ನೂ ನೋಡುವಂತಿಲ್ಲ. ನ್ಯಾಯವೆಂದರೆ ನ್ಯಾಯವೆಂದು ಎರಡು ರೈಫಲಿಗೂ ಅಂಗಡಿಯಿಂದ ತಂದ ಒಂದೇ ಡಬ್ಬಿಯ ತೋಟಾ ಹಾಕಿದೆ. ಎರಡರಲ್ಲೂ ಸಲೀಸಾಗಿ ಕೂತವು. ಫಲಿತಾಂಶ ಓದಿದಾಗ ಇಂಪ್ರೂವ್ಡ್ ರೈಫಲೇ ತುಸು ಹಿಂದೆ ಬಿದ್ದಿತ್ತು.

ಅಂಕಲ್ ಅಂಕೆಗಳನ್ನು ಎರಡು ಸಲ ನೋಡಿದರು. "ಹಾಗಾದ್ರೆ ಬೇಡ ಬಿಡು," ಎಂದರು. ಮನೆಗೆ ಬಂದು ರಿಪೇರಿಯವನ ಆನ್ಸರಿಂಗ್ ಮೆಷಿನ್ನಿಗೆ ಬರುವುದಿಲ್ಲವೆಂದು ಹೇಳಿಟ್ಟರು. ನಾನು ಗೆದ್ದಿದ್ದೆ. ಗೆದ್ದವಳಿಗೆ ಊಟ ರುಚಿಸಬೇಕಿತ್ತು. ಎರಡು ತುತ್ತಿಗೇ ಎದ್ದೆ.

ಭಾನುವಾರ ಅವರು ಚರ್ಚಿಗೆ ಹೋದಾಗ ಗ್ಯಾರೇಜಿನಲ್ಲಿ ಖಾಲಿ ತೋಟಾಗಳನ್ನು ಎತ್ತಿಡುತ್ತಿದ್ದೆ. ಒಂದೇ ಡಬ್ಬಿಯಿಂದ ಹೊರಟವು ಈಗ ಎರಡು ಜಾತಿಯಾಗಿದ್ದವು. ಅರ್ಧದಷ್ಟರ ಹೆಗಲು, ಎಂದರೆ ಕತ್ತಿನ ಕೆಳಗಿನ ಭಾಗ, ಮೊದಲಿನಂತೆ ಇಳಿಜಾರು. ಉಳಿದವುಗಳದ್ದು ಚೂಪಾಗಿ ಎದ್ದು ನಿಂತಿತ್ತು. ಕಪಾಟಿನಲ್ಲಿ ಗೆಳೆಯ ರೈಫಲಿನ ಜೊತೆ ಬಿಟ್ಟುಹೋದ ತೋಟಾ ಡಬ್ಬಿಯಿತ್ತು. ಅದರೊಳಗಿನವೆಲ್ಲ ಇದೇ ಚೂಪು ಹೆಗಲಿನವು, ಮದ್ದು ತುಂಬಿ ಸಿದ್ಧವಾಗಿದ್ದವು. ಆಗ ತಿಳಿಯಿತು. ಸಾಮಾನ್ಯ ತೋಟಾ ಆ ಅಗಲ ಗೂಡಿನಲ್ಲಿ ಮೊದಲ ಸಲ ಸಿಡಿದಾಗ ಹಿಗ್ಗಿ ಗೂಡಿನ ಆಕಾರ ಪಡೆಯುತ್ತದೆ, ಅಷ್ಟೇ. ಹೆಚ್ಚಿನ ಮದ್ದು ತುಂಬುವುದು ಆಮೇಲೆ, ಹಾಗೆ ಹಿಗ್ಗಿದ ಖಾಲಿ ತೋಟಾಕ್ಕೆ. ನಾನು ಅಳೆದದ್ದು ಇಂಪ್ರೂವ್ಡ್ ತೋಟಾವನ್ನಲ್ಲ, ಅದರ ಬಸಿರನ್ನು.

ತಪ್ಪು ಒಪ್ಪಿಕೊಳ್ಳುವುದು ಸುಲಭವೆನ್ನುವವರು ಒಮ್ಮೆಯೂ ಗೆದ್ದಿರಲಾರರು. ಕಾರು ಹತ್ತಿ ಟೋಲ್ ರೋಡಿನಲ್ಲಿ ಏರ್‌ಪೋರ್ಟ್‌ವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ರೈಫಲ್ ಉಳಿಯಿತಲ್ಲ, ಅವರಿಗೇ ಒಳ್ಳೆಯದಾಯಿತು ಎಂದು ನನ್ನ ಪರ ನಾನೇ ವಾದಿಸಿದೆ. ಒಳ್ಳೆಯ ವಾದವೇ. ಆದರೆ ರೈಫಲ್ ಅವರದ್ದು.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಎರಡು ಖಾಲಿ ತೋಟಾ ಇಟ್ಟೆ. ಅಂಕಲ್‌ಗೆ ವಿವರಿಸಬೇಕಾಗಲಿಲ್ಲ.

"ಅಯ್ಯೋ ಕರ್ಮವೇ! ಅದಕ್ಕೆ ಫ್ಯಾಕ್ಟರಿ ತೋಟಾ ಹಾಕಿದ್ದಾ? ನಂಗೆ ತೋರಿಸ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೋಡ್ಬಾರ್ದು ಅಂತ ರೂಲ್ ಮಾಡಿದ್ದೇ ನಾನಲ್ವಾ ಅಂಕಲ್."

ಆಂಟಿ ಒಲೆಯ ಕಡೆಯಿಂದಲೇ, "ಇವ್ಳನ್ನ ಜಡ್ಜ್ ಮಾಡಿದ್ದು ಯಾರು ಕೇಳಿ," ಎಂದರು.

ಮಧ್ಯಾಹ್ನವೇ ರೇಂಜಿಗೆ ಹೋಗಿ ಗೆಳೆಯನ ರೈಫಲನ್ನು ಅವನದೇ ತೋಟಾಗಳಿಂದ ಅಳೆದೆವು. ಈ ಸಲ ಎಲ್ಲವನ್ನೂ ಅಂಕಲ್ ನೋಡಿದರು. ಅಂಕಲ್‌ರ ರೈಫಲಿಗಿಂತ ವೇಗ ಹೆಚ್ಚಿತ್ತು. ಹೌದು, ಸ್ವಲ್ಪವೇ. ಇಷ್ಟಕ್ಕೆ ಒಳ್ಳೆಯ ರೈಫಲ್ ಕೊರೆಸುವುದು ಶುದ್ಧ ಮರುಳು ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅದನ್ನು ಹೇಳಿಯೂ ಹೇಳಿದೆ.

"ಗೊತ್ತುಂಟು," ಎಂದರು ಅಂಕಲ್. "ಸ್ವಲ್ಪ ಆದ್ರೂ ಉಂಟಲ್ಲ."

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ರಿಪೇರಿಯವನಿಗೆ ಫೋನ್ ಮಾಡಿದರು. ನಾನು ಆಫೀಸಿಗೆ ಹೊರಡದೆ ಬಾಗಿಲಲ್ಲೇ ಶೂ ಲೇಸ್ ಕಟ್ಟುತ್ತ ಬಿಚ್ಚುತ್ತ ನಿಂತಿದ್ದೆ. ಆ ಕಡೆಯವನು ಏನೋ ಗೊಣಗಿದ. ಅಂಕಲ್ ಎರಡು ಸಲ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ರೈಫಲಿನ ಉದ್ದನೆಯ ಪೆಟ್ಟಿಗೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಮೆಟ್ಲು ಜಾಗ್ರತೆ," ಎಂದರು. ಹಿಡಿದುಕೊಂಡೆ.