ಹದಿನೇಳನೆಯ ಕೇಸು

ಪಿಎಚ್‌ಡಿಗೆಂದು ಹಳ್ಳಿಗೆ ಹೋಗುವವರು ಒಂದಷ್ಟು ಪದಗಳನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಇದು ನನಗೆ ಗೊತ್ತಾದದ್ದು ಮೂಗೂರಿನಾಚೆಯ ಒಂದು ಹಳ್ಳಿಯಲ್ಲಿ. ಮಗಳು ಸತ್ತ ಮೇಲೆ ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರ ಬಗ್ಗೆ ನನ್ನ ಸಂಶೋಧನೆ. ವಿಷಯ ಸಮಾಜಕಾರ್ಯ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕೂತು, "ಅಜ್ಜಿ, ನಿಮ್ದೊಂದು ಕೇಸ್ ತಗೋತೀನಿ," ಅಂದೆ. ಒಬ್ಬರ ಬದುಕನ್ನು ಕೇಳಿ ಬರೆದುಕೊಂಡರೆ ನಮ್ಮ ವಿಭಾಗದಲ್ಲಿ ಅದಕ್ಕೆ ಕೇಸು ಅನ್ನುತ್ತಾರೆ.

ಅಜ್ಜಿಯ ಕೈ ನಿಂತಿತು. "ನಿಜ್ವಾ ಕಣವ್ವ? ಮಗ್ಳು ಸತ್ತಾಗ ಕೇಸ್ ತಗೊಳ್ಳಿ ಅಂತ ಅವಳ ಗಂಡನ ಊರಿನ ಟೇಸನ್ನಲ್ಲಿ ಮೂರ್ದಿನ ಕುಂತಿದ್ದೆ. ಯಾರೂ ತಗೊಳ್ನಿಲ್ಲ."

ಸೆರಗಿಗೆ ಹೆಬ್ಬೆಟ್ಟು ಒರೆಸಿ ಮುಂದೆ ಚಾಚಿದರು. "ಎಲ್ಲಿ ಒತ್ಲಿ?"

ಬರೆದುಕೊಳ್ಳಲು ಅವರ ಒಪ್ಪಿಗೆಯಿದೆ ಎಂಬ ನನ್ನ ಪತ್ರಕ್ಕೂ ಹೆಬ್ಬೆಟ್ಟು ಬೇಕಿತ್ತು. ಆದರೆ ಆ ಹೆಬ್ಬೆಟ್ಟು ನನ್ನ ಪತ್ರಕ್ಕೆಂದು ಚಾಚಿದ್ದಲ್ಲ. ನಾನು ಪೊಲೀಸಿನವಳಲ್ಲ, ಓದುವವಳು, ಸುಮ್ಮನೆ ಬರೆದುಕೊಳ್ಳುತ್ತೇನೆ ಅಷ್ಟೆ ಎಂದು ತೊದಲುತ್ತಾ ಹೇಳಿದೆ.

"ಬರ್ಕೊ ಮತ್ತೆ. ಅವ್ರು ಅದ್ನೂ ಮಾಡ್ನಿಲ್ಲ," ಅಂದರು. ಚಾಚಿದ ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ.

ಹೆಸರು ಹಾಕಬಾರದೆಂಬ ನಿಯಮವಿರುವುದರಿಂದ ಪ್ರಬಂಧದಲ್ಲಿ ಅವರು 'ಕೇಸು ಹದಿನೇಳು'. ಅಂತೂ ಕೇಸು ದಾಖಲಾಯಿತು, ನಂಬರೂ ಬಿತ್ತು. ವಿಚಾರಣೆ ನಡೆದದ್ದು ಮಾತ್ರ ನನ್ನದು, ಮೌಖಿಕ ಪರೀಕ್ಷೆಯ ದಿನ. ಹದಿನೇಳರ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ನನ್ನನ್ನು ಡಾಕ್ಟರ್ ಎಂದು ಕರೆದು ಬಿಡುಗಡೆ ಮಾಡಿದರು.