ಅಕ್ಕನ ಮಿಸ್ ಕಾಲ್

ಮೊದಲು ನಾನು ಗೋಡೆ ಬರೆಯುತ್ತಿದ್ದೆ. ಬೀದರಿನಿಂದ ಭಾಲ್ಕಿಗೆ, ಔರಾದಿಗೆ ಹೋಗುವ ರಸ್ತೆಗಳ ಪಕ್ಕ ಸಿಮೆಂಟು, ಗೊಬ್ಬರ, ಬನಿಯನ್ನುಗಳ ಜಾಹೀರಾತು ಏನೇನಿದ್ದವೋ ಅದರಲ್ಲಿ ಅರ್ಧಕ್ಕರ್ಧ ನನ್ನ ಕೈಯವು. ಪ್ರತಿ ಗೋಡೆಯ ಕೆಳಮೂಲೆಯಲ್ಲಿ ನನ್ನ ಫೋನ್ ನಂಬರನ್ನೂ ಬರೆದು ಬರುತ್ತಿದ್ದೆ. ನೆನಪಿಡಲು ಸುಲಭದ ನಂಬರ್ ಅದು, ಕೊನೆಯ ನಾಲ್ಕು ಅಂಕಿ ಒಂದೇ. ಆ ನಂಬರಿನ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಆಮೇಲೆ ಫ್ಲೆಕ್ಸ್ ಬಂತು, ಗೋಡೆಯ ಕೆಲಸ ಹೋಯಿತು. ಫ್ಲೆಕ್ಸಿನ ಬಾಲ ಹಿಡಿದು ನಾಲ್ಕು ವರ್ಷ ಓಡಾಡುವಷ್ಟರಲ್ಲಿ ಎಲ್ಲರ ಕಣ್ಣು ಫೋನಿಗೆ ಇಳಿದಿತ್ತು. ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವವರೇ ಇಲ್ಲದ ಮೇಲೆ ಗೋಡೆಗೆ ಬಣ್ಣ ಬಳಿದು ಏನು ಮಾಡುವುದು? ನಾನೂ ಬ್ರಷ್ ತೊಳೆದಿಟ್ಟು ಚೌಬಾರದ ಹತ್ತಿರ ಒಂದು ಕೋಣೆ ಹಿಡಿದೆ, ಕಂಪ್ಯೂಟರ್ ತಂದಿಟ್ಟೆ, ಬಾಗಿಲ ಮೇಲೆ 'ಮೊಬೈಲ್ ಪ್ರಚಾರ' ಎಂದು ನಾನೇ ಬರೆದುಕೊಂಡೆ. ಅದೇ ನನ್ನ ಕೈಬರಹದ ಕೊನೆಯ ಬೋರ್ಡು.

ಮಾತಿಗೆ ನಾನು ಕಡಿಮೆಯವನಲ್ಲ. ಅಂಗಡಿಯವರ ಮುಂದೆ ಕೂತರೆ ಒಂದು ಗಂಟೆ ಭಾಷಣ ಬಿಗಿಯುತ್ತಿದ್ದೆ. ಬೀದರ್ ಪೇಟೆಯಲ್ಲಿ ಟಚ್ ಮೊಬೈಲ್ ಇಲ್ಲದ ಕೈಯಿಲ್ಲ, ಅವರಿಗೆ ನಿಮ್ಮ ಅಂಗಡಿಯ ವಿಡಿಯೋ ತಾನಾಗಿ ಹೋಗಿ ಮುಟ್ಟುತ್ತದೆ. ಭಾಲ್ಕಿಯಲ್ಲಿ ಹುಡುಗರ ಹತ್ತಿರ ಟಚ್, ಹಿರಿಯರ ಹತ್ತಿರ ಬಟನ್. ಔರಾದ ಕಡೆಯ ಹಳ್ಳಿಗಳಲ್ಲಿ ಮನೆಗೊಂದು ಟಚ್, ಅದು ಗಂಡಸಿನ ಜೇಬಿನಲ್ಲಿ. ಹೆಂಗಸರ ಸೊಂಟದಲ್ಲಿರುವುದು ಬಟನ್ ಮೊಬೈಲ್. ಆದರೆ ಸೀರೆ ಆರಿಸುವವರು ಯಾರು? ಹೆಂಗಸರು. ಹಾಗಾಗಿ ಅವರನ್ನು ಹಿಡಿಯಬೇಕೆಂದರೆ ಮಿಸ್ ಕಾಲ್ ಒಂದೇ ದಾರಿ. ಒಂದು ನಂಬರ್ ಕೊಡಿ, ಅವರು ರಿಂಗ್ ಮಾಡಲಿ, ಮಷೀನು ತಾನೇ ಕಟ್ ಮಾಡುತ್ತದೆ, ಕಟ್ ಮಾಡಿ ಕನ್ನಡದಲ್ಲಿ ಅಂಗಡಿಯ ಮೆಸೇಜ್ ಕಳಿಸುತ್ತದೆ. ಇಷ್ಟನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಔರಾದ ಕಡೆಯ ಹೆಂಗಸರು ಎಂದಾಗ ನನ್ನ ಅಕ್ಕನೂ ಅವರಲ್ಲೊಬ್ಬಳು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನಿನ್ನೂ ಸರಿಯಾಗಿ ಚಡ್ಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಕಮಠಾಣದ ನಮ್ಮ ಮನೆಯಲ್ಲಿ ನನಗೆ ಉಣ್ಣಿಸಿ, ಬೈದು, ಹೊಡೆದು, ಸಾಲೆಗೆ ಎಳೆದುಕೊಂಡು ಹೋಗಿ ದೊಡ್ಡವನನ್ನು ಮಾಡಿದವಳು ಅವಳೇ. ತಾನು ಮಾತ್ರ ನಾಲ್ಕನೆಯ ಈಯತ್ತೆಗೆ ನಿಂತಳು. ಔರಾದ ತಾಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋದಳು. ಅತ್ತೆ, ನಾದಿನಿ, ಮೈದುನರು ತುಂಬಿದ ಮನೆ, ಹೊಲ, ಇಪ್ಪತ್ತು ಕುರಿ. ಭಾವ ಒಳ್ಳೆಯವರು, ಆದರೆ ಮೂರು ಹೊತ್ತೂ ಮಾಲಿನ ಗಾಡಿ ಹೊಡೆದುಕೊಂಡು ಉದಗೀರ, ಲಾತೂರು ಎಂದು ಊರ ಹೊರಗೇ ಇರುವವರು.

ನಮ್ಮಿಬ್ಬರ ನಡುವೆ ಮಿಸ್ ಕಾಲಿನದೇ ಒಂದು ಭಾಷೆ ಇತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಅಂಥದೊಂದು ಇರುತ್ತದೆ. ಒಂದು ರಿಂಗ್ ಆಗಿ ನಿಂತರೆ ಅಕ್ಕ ಆರಾಮ ಇದ್ದಾಳೆ. ಎರಡು ಸಲ ಬಂದರೆ ನಾನು ಬಿಡುವಾದಾಗ ಫೋನ್ ಮಾಡಬೇಕು. ಅವಳು ಬಿಡದೆ ರಿಂಗ್ ಮಾಡುತ್ತಿರುವಾಗ ನಾನು ಕಟ್ ಮಾಡಿದರೆ ಅದಕ್ಕೆ ಅರ್ಥ, ನೋಡಿದ್ದೇನೆ, ನಾನೇ ಮಾಡುತ್ತೇನೆ, ಕಾಯುತ್ತಿರು. ಮಾತು ಅಗ್ಗವಾದ ಮೇಲೂ ಅಕ್ಕ ಆ ಅಭ್ಯಾಸ ಬಿಡಲಿಲ್ಲ. ಅವಳ ಬಟನ್ ಮೊಬೈಲಿನಲ್ಲಿ ಎರಡರ ಕೀ ಒತ್ತಿ ಹಿಡಿದರೆ ನನಗೆ ಹತ್ತುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಅತ್ತೆ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲಾಗದು ಎಂದು ಹೊಲದ ಬದುವಿಗೆ ಹೋಗಿ ಒತ್ತುತ್ತಿದ್ದಳು.

ಭಾಲ್ಕಿಯ ಒಬ್ಬ ಸೀರೆ ಅಂಗಡಿಯ ಸಾಹುಕಾರರು ನನ್ನ ಭಾಷಣಕ್ಕೆ ಒಪ್ಪಿದ್ದು ಒಂದು ಪಂಚಮಿಯ ಮೊದಲು. ಮಿಸ್ ಕಾಲಿಗೆಂದು ಕಂಪನಿಯವರು ಕೊಟ್ಟ ನಂಬರನ್ನು ಅವರಿಗೆ ತೋರಿಸಿದೆ. ನೋಡಿ ಮುಖ ಸಿಂಡರಿಸಿದರು.

"ಇದು ಯಾರ ಬಾಯಾಗೂ ಹೊಳ್ಳಂಗಿಲ್ರಿ. ನಿಮ್ಮ ಗ್ವಾಡಿ ಮ್ಯಾಲಿನ ನಂಬರ್ ಅದ ನೋಡ್ರಿ, ಅದನ್ನೇ ಹಾಕ್ರಿ. ಮೂರು ತಾಲೂಕಿನ ಮಂದಿಗಿ ಅದು ಬಾಯಿಪಾಠ ಅದ."

ನನಗೆ ಒಳ್ಳೆಯದೇ ಅನಿಸಿತು. ಹೊಸ ಟಚ್ ಫೋನಿಗೆ ಹೊಸ ನಂಬರ್ ತೆಗೆದುಕೊಂಡಾಗಿತ್ತು. ಹಳೆಯದನ್ನು ಮಷೀನಿಗೆ ಜೋಡಿಸಿಬಿಟ್ಟೆ. ನಂಬರ್ ಬದಲಾಗಿದೆ ಎಂದು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದೆ, ಎಲ್ಲರಿಗೂ ಒಂದೇ ಏಟಿಗೆ ಮೆಸೇಜ್ ಕಳಿಸಿದೆ. ಅಕ್ಕನಿಗೆ ವಾಟ್ಸಾಪ್ ಇಲ್ಲ. ಪಂಚಮಿಗೆ ತವರಿಗೆ ಕರೆತರಲು ಹೋದಾಗ ಅವಳ ಫೋನಿನಲ್ಲಿ ಹೊಸದನ್ನು ಹಾಕಿಕೊಟ್ಟರಾಯಿತು ಎಂದುಕೊಂಡೆ.

ಆ ವರ್ಷ ನಾನು ಪಂಚಮಿಗೆ ಅಕ್ಕನನ್ನು ಕರೆಯಲು ಹೋಗಲಿಲ್ಲ. ಹಬ್ಬವೆಂದರೆ ಊರಿಗೆಲ್ಲ ಹಬ್ಬ, ಪ್ರಚಾರದವನಿಗೆ ಸುಗ್ಗಿ. ಭಾವನ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ಮನೆಯ ಮಂದಿಯೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮುಖ ತೋರಿಸಿದರು. ಅಕ್ಕ ಕೊನೆಗೆ ಬಂದಳು.

"ಸ್ವಲ್ಪ ಮಾತಾಡೋದದ ತಮ್ಮಾ. ಈಗ ಬ್ಯಾಡ, ಎಲ್ಲಾರೂ ಅದಾರ."

"ಹೊಲಕ್ಕ ಹೋದಾಗ ಮಿಸ್ ಕಾಲ್ ಕೊಡಕ್ಕಾ, ನಾ ಮಾಡ್ತೇನಿ" ಎಂದೆ.

ಈ ಮಾತನ್ನು ನಾನೇ ಆಡಿದ್ದು, ನನ್ನದೇ ಬಾಯಿಂದ. ಆಡುವಾಗ ಹಳೆಯ ನಂಬರಿನ ನೆನಪೇ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರುವುದಿಲ್ಲ. ಮಿಸ್ ಕಾಲ್ ಬರಲಿಲ್ಲವಲ್ಲ, ಅಕ್ಕನಿಗೆ ಅಂಥ ಅರ್ಜೆಂಟ್ ಏನೂ ಇಲ್ಲ ಎಂದುಕೊಂಡು ಇದ್ದುಬಿಟ್ಟೆ. ದಸರೆ ಹೋಯಿತು, ದೀಪಾವಳಿ ಹೋಯಿತು. ಆಗೊಮ್ಮೆ ಈಗೊಮ್ಮೆ ಭಾವನಿಗೆ ಫೋನ್ ಮಾಡಿದರೆ ಅವರು ಗಾಡಿಯ ಮೇಲಿರುತ್ತಿದ್ದರು, ಮನೆಯಲ್ಲಿ ಎಲ್ಲರೂ ಆರಾಮ ಎನ್ನುತ್ತಿದ್ದರು.

ಎಳ್ಳ ಅಮಾವಾಸ್ಯೆ ಮುಗಿದ ಮೂರನೆಯ ದಿನ ರಿಪೋರ್ಟ್ ಹಿಡಿದು ಭಾಲ್ಕಿಗೆ ಹೋದೆ. ಸಾಹುಕಾರರಿಗೆ ಪರದೆಯ ಮೇಲೆ ತೋರಿಸಿದರೆ ತೃಪ್ತಿಯಿಲ್ಲ, ಕಾಗದವೇ ಬೇಕು. ದಪ್ಪ ಪ್ರಿಂಟ್ ತೆಗೆಸಿ, ಸುರುಳಿ ತಂತಿ ಹಾಕಿಸಿ ಒಯ್ದಿದ್ದೆ. ಯಾವ ನಂಬರಿನಿಂದ ಯಾವ ದಿನ ಯಾವ ಹೊತ್ತಿಗೆ ಎಷ್ಟು ಸಲ ಮಿಸ್ ಕಾಲ್ ಬಂತು ಎಂಬುದೆಲ್ಲ ಅದರಲ್ಲಿ ಇತ್ತು. ಬಹಳ ಮಂದಿಯದು ಒಂದೋ ಎರಡೋ ಸಲ. ಒಂದೇ ಒಂದು ನಂಬರ್ ಮಾತ್ರ ಪುಟದಿಂದ ಪುಟಕ್ಕೆ ಬರುತ್ತಲೇ ಇತ್ತು. ಪಂಚಮಿ ಮುಗಿದ ವಾರದಿಂದ ಶುರುವಾಗಿ, ಮೊನ್ನೆ ಅಮಾವಾಸ್ಯೆಯ ದಿನ ಮಧ್ಯಾಹ್ನವೂ ಮೂರು ಸಲ.

ನಾನು ಆ ಸಾಲಿನ ಮೇಲೆ ಬೆರಳಿಟ್ಟು ಎದೆಯುಬ್ಬಿಸಿದೆ. "ನೋಡ್ರಿ ಸಾಹುಕಾರ್ರ, ಗಿರಾಕಿ ಅಂದ್ರ ಹಿಂಗಿರಬೇಕು. ನಿಮ್ಮ ಅಂಗಡಿ ಮ್ಯಾಲ ಎಷ್ಟು ಜೀವ ಅದ ಅಕಿಂದು."

"ಹೆಣ್ಮಗಳು ಅಂತ ಹ್ಯಾಂಗ ಗೊತ್ತಾಯ್ತರಿ?"

"ಮಧ್ಯಾಹ್ನದ ಹೊತ್ತಿಗಿ, ಔರಾದ ಕಡಿಂದ, ಬಟನ್ ಮೊಬೈಲಿನಿಂದ. ಮತ್ಯಾರು ಮಾಡ್ತಾರ್ರಿ?"

ಸಾಹುಕಾರರಿಗೆ ಖುಷಿಯಾಯಿತು. ಸಂಕ್ರಾಂತಿಗೆ ಆ ಗಿರಾಕಿಗೆ ಒಂದು ಇಳಕಲ್ ಸೀರೆ ಕೊಡೋಣ, ಕರೆಸಿ ಫೋಟೋ ತೆಗೆದು ಎಲ್ಲರ ಫೋನಿಗೂ ಬಿಡೋಣ ಎಂದರು. ಈಗಲೇ ಹಚ್ಚಿ ಮಾತಾಡಿ, ನಾನೂ ಕೇಳುತ್ತೇನೆ ಎಂದು ಕಾಗದ ಎಳೆದುಕೊಂಡು ಒಂದೊಂದೇ ಅಂಕಿ ಓದಿದರು. ನಾನು ನನ್ನ ಫೋನಿನಲ್ಲಿ ಒತ್ತುತ್ತ ಹೋದೆ.

ಹತ್ತನೆಯ ಅಂಕಿ ಒತ್ತಿದ ಕೂಡಲೇ ಪರದೆಯ ಮೇಲೆ ಹೆಸರು ಮೂಡಿತು. 'ಅಕ್ಕ'.

ಅವಳ ನಂಬರ್ ನನಗೆ ಗೊತ್ತಿರಲಿಲ್ಲ. ಯಾರ ನಂಬರ್ ಯಾರಿಗೆ ಗೊತ್ತಿರುತ್ತದೆ ಈಗ? ಫೋನಿಗೆ ಗೊತ್ತಿರುತ್ತದೆ, ನಾವು ಹೆಸರು ಒತ್ತುತ್ತೇವೆ. ಆದರೂ ಊರವರ ನಂಬರುಗಳನ್ನೆಲ್ಲ ರಾಶಿ ಹಾಕಿ ಮಾರುವ ನನಗೆ ಒಡಹುಟ್ಟಿದವಳದೇ ಗುರುತು ಸಿಗಲಿಲ್ಲ ಎಂಬುದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಹಾಗೇ ರಿಂಗ್ ಮಾಡಿದೆ, ಫೋನು ಸ್ಪೀಕರಿನಲ್ಲಿತ್ತು. "ಯಾರ್ರಿ?" ಎಂದಳು. ಹೊಸ ನಂಬರ್ ಅವಳಿಗೆ ಹೇಗೆ ತಿಳಿಯಬೇಕು?

"ಅಕ್ಕಾ, ನಾ."

"ಕಡೀಗಿ ಮಾಡ್ದಿ ನೋಡು" ಎಂದಳು. ಸಿಟ್ಟಿರಲಿಲ್ಲ, ನಗುತ್ತಿದ್ದಳು. "ಎಷ್ಟ ಬಿಜಿ ಇದ್ದಿ ತಮ್ಮಾ. ಕಟ್ ಮಾಡ್ತಿದ್ದಿ, ಸೀರಿ ಅಂಗಡಿದು ಏನೋ ಬರೆದು ಕಳಿಸ್ತಿದ್ದಿ. ಕೆಲ್ಸದಾಗ ಅದಾನ, ಮಾಡ್ತಾನ ಅಂತ ಕುಂತೆ."

ಸ್ಪೀಕರ್ ತೆಗೆದು ಫೋನ್ ಕಿವಿಗೆ ಒತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದೆ. ಏನು ಮಾತಾಡುವುದಿತ್ತು ಅಕ್ಕಾ ಎಂದೆ. ನಿನ್ನ ಹತ್ತಿರ ಅಲ್ಲ, ನಿನ್ನ ಹೆಂಡತಿಯ ಹತ್ತಿರ ಎಂದಳು. ಹೆಂಗಸರ ವಿಷಯ, ನೀ ಫೋನ್ ಆಕಿ ಕೈಗೆ ಕೊಡುತ್ತೀ ಎಂದುಕೊಂಡಿದ್ದೆ ಎಂದಳು. ಒತ್ತಾಯ ಮಾಡಿದ ಮೇಲೆ ದನಿ ತಗ್ಗಿಸಿ ಹೇಳಿದಳು. ಎದೆಯಲ್ಲಿ ಒಂದು ಗಂಟು. ಪಂಚಮಿಗೆ ಮೊದಲು ಹುಣಸೆಬೀಜದಷ್ಟಿತ್ತು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಭಾವನಿಗೂ. ನಾಚಿಕೆ. ತಮ್ಮ ಬಂದು ಬೀದರಿಗೆ ಕರೆದುಕೊಂಡು ಹೋದರೆ ತವರಿಗೆ ಹೋದೆ ಎಂದಾಗುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಒಳಗೆ ಬಂದಾಗ ಸಾಹುಕಾರರು ಕೇಳಿದರು, ಗಿರಾಕಿ ನಿಮಗೆ ಏನಾಗಬೇಕು? ನಮ್ಮ ಅಕ್ಕ ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಮನಿ ಮಂದಿ ಕಡಿಂದ ಒತ್ತಿಸಿ ರಿಪೋರ್ಟ್ ತುಂಬ್ಸೀರೇನ್ರಿ?" ಎಂದರು. ಬೇರೆ ದಿನವಾಗಿದ್ದರೆ ಜಗಳವಾಡಿ ಬರುತ್ತಿದ್ದೆ. ಅವತ್ತು ಕಾಗದದ ಕಟ್ಟನ್ನು ಅಲ್ಲೇ ಬಿಟ್ಟು ಔರಾದಿನ ಬಸ್ ಹತ್ತಿದೆ.

ಮರುದಿನವೇ ಬೀದರಿನ ಆಸ್ಪತ್ರೆಗೆ ಕರೆದುಕೊಂಡು ಬಂದೆವು, ನಾನೂ ನನ್ನ ಹೆಂಡತಿಯೂ. ಯಾವಾಗ ನೋಡಿದಿರಿ ಎಂದು ಡಾಕ್ಟರಮ್ಮ ಕೇಳಿದರು. "ಪಂಚಮಿಗಿಂತ ಮೊದ್ಲ ರೀ" ಎಂದಳು ಅಕ್ಕ. ಡಾಕ್ಟರಮ್ಮ ಬೆರಳು ಮಡಚಿ ತಿಂಗಳು ಎಣಿಸಿದರು. ಆಗಲೇ ಬಂದಿದ್ದರೆ ವಾಸಿಯಾಗುತ್ತಿತ್ತೇ ಎಂದು ಆಮೇಲೆ ನಾನೊಬ್ಬನೇ ಹೋಗಿ ಕೇಳಿದೆ. ಹೇಳಲು ಬರುವುದಿಲ್ಲ, ಆದರೆ ಆಗ ಬಂದಿದ್ದರೆ ಬಹಳ ಒಳ್ಳೆಯದಿತ್ತು ಎಂದರು. ಅವರು ಹೌದು ಎಂದಿದ್ದರೂ ಅಳುತ್ತಿದ್ದೆ, ಇಲ್ಲ ಎಂದಿದ್ದರೂ ಅಳುತ್ತಿದ್ದೆ. ಹೇಳಲು ಬರುವುದಿಲ್ಲ ಎಂಬ ಮಾತನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ಇಂದಿಗೂ ತಿಳಿದಿಲ್ಲ.

ತಪಾಸಣೆಯ ಕಾಗದಕ್ಕಾಗಿ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಅಕ್ಕ ನನ್ನನ್ನು ಕಲ್ಲು ಮನಸ್ಸಿನವನೆಂದು ತಿಳಿಯಬಾರದು ಎಂಬುದೊಂದೇ ತಲೆಯಲ್ಲಿತ್ತು.

"ಅಕ್ಕಾ, ನಾ ಕಟ್ ಮಾಡ್ತಿದ್ದಿಲ್ಲ. ಆ ನಂಬರ್ ಮಷೀನಿಗಿ ಕೊಟ್ಟಿದ್ದೆ. ಮಷೀನ್ ಕಟ್ ಮಾಡ್ತಿತ್ತು. ನೀ ರಿಂಗ್ ಮಾಡಿದ್ದು ನನಗ ಗೊತ್ತೇ ಇದ್ದಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು, "ಒಂದ್ ಸಲನೂ ನೀ ಇದ್ದಿಲ್ಲೇನು?"

"ಇಲ್ಲಕ್ಕಾ."

"ಕಟ್ ಆದಾಗೊಮ್ಮೆ ನನಗ ಧೈರ್ಯ ಬರ್ತಿತ್ತು" ಎಂದಳು. "ತಮ್ಮ ನೋಡ್ಯಾನ, ಅವಗ ಗೊತ್ತದ, ಇವತ್ತಿಲ್ಲ ನಾಳಿ ಬರ್ತಾನ ಅಂತ. ಅದರ ಮ್ಯಾಲೇ ದಿನ ತಳ್ಳೀನಿ."

ನಾನು ನನ್ನ ತಪ್ಪು ಕಡಿಮೆ ಮಾಡಿಕೊಳ್ಳಲು ಹೇಳಿದ್ದೆ. ಐದು ತಿಂಗಳು ಅವಳು ಯಾವುದನ್ನು ಹಿಡಿದುಕೊಂಡು ನಿಂತಿದ್ದಳೋ ಅದನ್ನು ಒಂದು ಮಾತಿನಲ್ಲಿ ಕಿತ್ತುಕೊಂಡೆ. ಕಟುಕ ತಮ್ಮನಾಗಿಯೇ ಉಳಿದಿದ್ದರೆ ಅವಳಿಗೆ ಅಷ್ಟಾದರೂ ಉಳಿಯುತ್ತಿತ್ತು.

ಹೈದರಾಬಾದಿಗೂ ಒಯ್ದೆವು. ಕೂದಲು ಹೋದವು, ಗಂಟಲು ಒಣಗಿತು, ಒಂದೆರಡು ತಿಂಗಳು ಗುಣವಾದ ಹಾಗೂ ಕಂಡಿತು. ಅವಳ ಫೋನಿನಲ್ಲಿ ಹೊಸ ನಂಬರ್ ಹಾಕಿಕೊಟ್ಟೆ. ಮಿಸ್ ಕಾಲ್ ಬೇಡ, ರಿಂಗ್ ಮಾಡುತ್ತಲೇ ಇರು, ನಾನು ಎತ್ತುತ್ತೇನೆ ಎಂದು ಹತ್ತು ಸಲ ಹೇಳಿದೆ. ಹೂಂ ಎಂದಳು. ಫೋನನ್ನು ನಾನು ಕೈಬಿಡುತ್ತಿರಲಿಲ್ಲ, ಊಟಕ್ಕೆ ಕೂತರೂ ತಾಟಿನ ಪಕ್ಕ ಇರುತ್ತಿತ್ತು. ಅವಳು ಮಾತ್ರ ಒಂದು ಸಲವೂ ಮಾಡಲಿಲ್ಲ. ನಾನು ಮಾಡಿದಾಗ ಮಾತಾಡುತ್ತಿದ್ದಳು, ನನ್ನ ಮಕ್ಕಳ ಸಾಲೆ ಕೇಳುತ್ತಿದ್ದಳು, ನಗಿಸುತ್ತಿದ್ದಳು ಕೂಡ.

ಒಮ್ಮೆ ಕೇಳಿಯೇಬಿಟ್ಟೆ, ಯಾಕ ಅಕ್ಕಾ, ನೀನಾಗಿ ಯಾಕ ಮಾಡವಲ್ಲಿ?

"ಇರಲಿ ಬಿಡು ತಮ್ಮಾ" ಎಂದಳು. "ಕಟ್ ಆಯ್ತಂದ್ರ ನೀನೋ, ಮಷೀನೋ, ನನಗ ಹ್ಯಾಂಗ ತಿಳೀಬೇಕು?"

ಮುಂದಿನ ಪಂಚಮಿಗೆ ಎರಡು ವಾರ ಇರುವಾಗ ಅಕ್ಕ ತೀರಿಕೊಂಡಳು. ಭಾವ ಫೋನ್ ಮಾಡಿ ತಿಳಿಸಿದರು. ಮೊದಲ ರಿಂಗಿಗೇ ಎತ್ತಿದೆ.